ಗಂಡಭೇರುಂಡದ ಹಡಗಿಗೆ ಕೂದಲೆಳೆಯ ರೇಲಿಂಗ್: ಯುದ್ಧನೌಕೆ ಮಾದರಿಯ ಸಣ್ಣ ಭಾಗಗಳನ್ನು ಮನೆಯಲ್ಲೇ ಮಾಡುವ ಸಮಗ್ರ ಮಾರ್ಗದರ್ಶಿ

ನಮ್ಮ ನೌಕಾಪಡೆಯಲ್ಲಿ ಐಎನ್‌ಎಸ್ ಮೈಸೂರು ಅಂತ ಒಂದು ಕ್ರೂಸರ್, ಅಂದರೆ ದೊಡ್ಡ ತೋಪುಗಳ ಯುದ್ಧನೌಕೆ, ಇತ್ತು. 1999ರಲ್ಲಿ ಬಂದ ಡಿಸ್ಟ್ರಾಯರ್ ಅಲ್ಲ, ಅದೇ ಹೆಸರಿನ ಹಳೆಯ ಹಡಗು. ಬ್ರಿಟನ್ನಿನಲ್ಲಿ ಎಚ್‌ಎಂಎಸ್ ನೈಜೀರಿಯಾ ಆಗಿ ಹುಟ್ಟಿ, 1957ರ ಆಗಸ್ಟ್ 29ರಂದು ಬರ್ಕನ್‌ಹೆಡ್‌ನಲ್ಲಿ ನಮ್ಮದಾಯಿತು. 1985ರವರೆಗೆ ದುಡಿಯಿತು. ಅದರ ಲಾಂಛನದಲ್ಲಿ ಇದ್ದದ್ದು ಮೈಸೂರಿನ ಗಂಡಭೇರುಂಡ. ನಾನು 1:350 ಅಳತೆಯಲ್ಲಿ ಮಾಡುತ್ತಿರುವುದು ಈ ಹಡಗನ್ನೇ. 169.3 ಮೀಟರ್ ಉದ್ದದ ಹಡಗು ನನ್ನ ಮೇಜಿನ ಮೇಲೆ 48 ಸೆಂ.ಮೀ. ಆಗುತ್ತದೆ.

ಹಡಗಿನ ಒಡಲು ಮಾಡುವುದು ಬೇರೆಯೇ ಕಥೆ, ಅದನ್ನು ಇಲ್ಲಿ ಹೇಳುವುದಿಲ್ಲ. ಈ ಬರಹ ಅದರ ಮೇಲೆ ಕೂರುವ ಸಣ್ಣ ಸಾಮಾನಿನದು. ತೋಪಿನ ನಳಿಗೆ, ಜಾಲರಿ ಕಂಬ, ರೇಲಿಂಗ್, ಹಗ್ಗ, ಕಿಟಕಿ, ಬಾವುಟ. ಅಂಗಡಿಯಿಂದ ತಂದ ಕಿಟ್ ಎಷ್ಟೇ ಚೆನ್ನಾಗಿದ್ದರೂ ಆಟಿಕೆ ತರಹ ಕಾಣುವುದು ಇಲ್ಲೇ.

ಮೊದಲು ಭಾಗಿಸಿ, ಆಮೇಲೆ ಕೈ ಹಾಕಿ

1:350ರಲ್ಲಿ ನಿಮ್ಮ 1 ಮಿ.ಮೀ. ಅಂದರೆ ನಿಜವಾದ ಹಡಗಿನಲ್ಲಿ 35 ಸೆಂ.ಮೀ. ಕಿಟ್‌ನ ಪ್ಲಾಸ್ಟಿಕ್ ರೇಲಿಂಗ್ ಕಂಬ 0.5 ಮಿ.ಮೀ. ದಪ್ಪ ಇದ್ದರೆ, ನಾವಿಕರು ಸುಮಾರು 17 ಸೆಂ.ಮೀ. ದಪ್ಪದ ಕಂಬಕ್ಕೆ ಒರಗಿ ನಿಂತಿದ್ದಾರೆ ಎಂದಾಯಿತು. ಅಡಿಕೆ ಮರದಷ್ಟು ದಪ್ಪ! ಹಡಗಿನ ಸುತ್ತ ಅಡಿಕೆ ತೋಟ ಯಾರು ಹಾಕುತ್ತಾರೆ? ನಿಜವಾದ ರೇಲಿಂಗ್ ಸರಳು 25 ಮಿ.ಮೀ. ಅಂದುಕೊಂಡರೆ ಮಾದರಿಯಲ್ಲಿ ಅದು 0.07 ಮಿ.ಮೀ. ಆಗಬೇಕು. ಹೆಚ್ಚು ಕಡಿಮೆ ತಲೆಗೂದಲಿನ ದಪ್ಪ.

ನನ್ನ ಅನುಭವದಲ್ಲಿ ಭಾಗಗಳ ಸಂಖ್ಯೆ ಜಾಸ್ತಿ ಮಾಡುವುದಕ್ಕಿಂತ ಇರುವ ಭಾಗಗಳನ್ನು ತೆಳ್ಳಗೆ, ನೆಟ್ಟಗೆ ಮಾಡುವುದೇ ದೊಡ್ಡ ಕೆಲಸ. ಒಂದು ಭಾಗ ಮಾಡುವ ಮೊದಲು ನಿಜದ ಅಳತೆಯನ್ನು 350ರಿಂದ ಭಾಗಿಸಿ ಒಂದು ಚೀಟಿಯಲ್ಲಿ ಬರೆಯಿರಿ. 0.05 ಮಿ.ಮೀ.ಗಿಂತ ಕಡಿಮೆ ಬಂದರೆ ಆ ಭಾಗವನ್ನು ಬಿಟ್ಟುಬಿಡಿ. ಕಣ್ಣಿಗೆ ಕಾಣದ್ದನ್ನು ದಪ್ಪ ಮಾಡಿ ತೋರಿಸಿದರೆ ಹಡಗು ಕುಗ್ಗಿದ ಹಾಗೆ ಕಾಣುತ್ತದೆ.

ನೋಡಿ ಕಲಿಯಲು ಎರಡು ಹಡಗು

ಪುಸ್ತಕದ ಚಿತ್ರದಲ್ಲಿ ದಪ್ಪ ಗೊತ್ತಾಗುವುದಿಲ್ಲ. ಕಾರವಾರಕ್ಕೆ ಹೋದರೆ ಟ್ಯಾಗೋರ್ ಕಡಲತೀರದಲ್ಲಿ ಐಎನ್‌ಎಸ್ ಚಪಲ್ ಇದೆ. ಅದು ರಷ್ಯಾದ ಓಸಾ ಮಾದರಿಯ ಕ್ಷಿಪಣಿ ದೋಣಿ. ಮೈಸೂರು ಹಡಗಿನ ಪಕ್ಕ ನಿಲ್ಲಿಸಿದರೆ ಮರಿಯಂತೆ ಕಂಡೀತು. ಆದರೂ ರೇಲಿಂಗ್ ಕಂಬ ಡೆಕ್ಕಿಗೆ ಹೇಗೆ ಕೂತಿದೆ, ಬಾಗಿಲಿನ ಹಿಡಿಕೆ ಎಷ್ಟು ದಪ್ಪ, ಏಣಿಯ ಮೆಟ್ಟಿಲ ನಡುವೆ ಎಷ್ಟು ಜಾಗ ಅನ್ನುವುದನ್ನೆಲ್ಲ ಕಣ್ಣಾರೆ ನೋಡಬಹುದು. ಫೋಟೋ ತೆಗೆಯುವಾಗ ಪಕ್ಕದಲ್ಲಿ 30 ಸೆಂ.ಮೀ. ಸ್ಕೇಲ್ ಹಿಡಿಯಿರಿ. ಜನ ನೋಡಿದರೆ ನೋಡಲಿ.

ಲಂಡನ್ನಿನಲ್ಲಿ ನೆಂಟರಿದ್ದರೆ ಅವರಿಗೆ ಒಂದು ಕೆಲಸ ಹಚ್ಚಿ. ಥೇಮ್ಸ್ ನದಿಯಲ್ಲಿ ನಿಂತಿರುವ ಎಚ್‌ಎಂಎಸ್ ಬೆಲ್‌ಫಾಸ್ಟ್‌ನಲ್ಲಿ ಇರುವುದು ಮೈಸೂರಿನಲ್ಲಿದ್ದ ಅದೇ 6 ಇಂಚಿನ ತೋಪು, ಅದೂ ಮೂರು ಮೂರು ನಳಿಗೆಯ ಟರೆಟ್‌ನಲ್ಲಿ (ತೋಪುಗಳನ್ನು ಹೊತ್ತು ತಿರುಗುವ ಉಕ್ಕಿನ ಗೂಡು). ಎದುರಿನಿಂದ, ಪಕ್ಕದಿಂದ, ಮೇಲಿನಿಂದ ಮೂರು ಫೋಟೋ ಸಿಕ್ಕರೆ ಸಾಕು.

ಸಾಮಾನು

ಇದಕ್ಕೆಲ್ಲ ವಿದೇಶದಿಂದ ತರಿಸಬೇಕಿಲ್ಲ. ಎಲೆಕ್ಟ್ರಿಕಲ್ ಅಂಗಡಿಯಲ್ಲಿ 0.75 ಚದರ ಮಿ.ಮೀ. ಫ್ಲೆಕ್ಸಿಬಲ್ ವೈರ್ ಕೇಳಿ. ಸಾಮಾನ್ಯವಾಗಿ ಅದರ ಮೇಲೆ 24/0.2 ಎಂದಿರುತ್ತದೆ. ಅಂದರೆ ಒಳಗೆ 0.2 ಮಿ.ಮೀ.ನ 24 ತಾಮ್ರದ ಎಳೆಗಳು. ಒಂದು ಮೀಟರ್ ಕೊಂಡರೆ 24 ಮೀಟರ್ ಕಚ್ಚಾ ಸಾಮಾನು ಸಿಕ್ಕಿತು. ಇನ್ನೂ ಸಣ್ಣ ಎಳೆ ಬೇಕಾದರೆ ಮೋಟಾರ್ ವೈಂಡಿಂಗ್ ಅಂಗಡಿಗೆ ಹೋಗಿ. ಅಲ್ಲಿ ಗೇಜ್ ಲೆಕ್ಕ. 36 ಗೇಜ್ ಅಂದರೆ 0.19 ಮಿ.ಮೀ., 40 ಗೇಜ್ 0.12, 44 ಗೇಜ್ 0.08. ಔಷಧಿ ಅಂಗಡಿಯಿಂದ ಇಂಜೆಕ್ಷನ್ ಸೂಜಿ, ಹಾರ್ಡ್‌ವೇರ್ ಅಂಗಡಿಯಿಂದ 0.1 ಮಿ.ಮೀ.ನ ಹಿತ್ತಾಳೆ ಶಿಮ್ ಶೀಟ್ (ತೆಳು ತಗಡು), ಅಕ್ಕಸಾಲಿಗರ ಸಾಮಾನು ಮಾರುವ ಅಂಗಡಿಯಿಂದ ಒಳ್ಳೆಯ ಚಿಮ್ಟ ಮತ್ತು ಸಣ್ಣ ಅರ. ಚಿಮ್ಟದಲ್ಲಿ ಮಾತ್ರ ಕಾಸು ಉಳಿಸಬೇಡಿ. ತುದಿ ಸರಿಯಾಗಿ ಕೂಡದ ಚಿಮ್ಟ ಅಂದರೆ ಭಾಗ ಹಾರಿಸುವ ಕವಣೆ.

ಕೂರುವ ಮೊದಲು ಫ್ಯಾನ್ ಆಫ್ ಮಾಡಿ, ತೊಡೆಯ ಮೇಲೆ ಬಿಳಿ ಪಂಚೆ ಹಾಸಿಕೊಳ್ಳಿ. ನಮ್ಮ ಮನೆಯದು ರೆಡ್ ಆಕ್ಸೈಡ್ ನೆಲ. ಅದರ ಮೇಲೆ ತಾಮ್ರದ ಎಳೆ ಬಿದ್ದರೆ ಮುಗೀತು, ಮತ್ತೆ ಸಿಗುವುದು ಯಾರದಾದರೂ ಕಾಲಿಗೆ ಚುಚ್ಚಿದಾಗಲೇ.

ತಂತಿಯನ್ನು ನೆಟ್ಟಗೆ ಮಾಡುವುದು

ಮುಂದಿನ ಎಲ್ಲ ಕೆಲಸಕ್ಕೂ ಇದೇ ಬುನಾದಿ. ಬೆರಳಲ್ಲಿ ತೀಡಿ ನೆಟ್ಟಗೆ ಮಾಡಲು ಹೋಗಬೇಡಿ, ಅಲೆ ಅಲೆಯಾಗಿ ಉಳಿಯುತ್ತದೆ. ಒಂದು ಅಡಿ ತಂತಿ ತೆಗೆದುಕೊಳ್ಳಿ. ಒಂದು ತುದಿಯನ್ನು ವೈಸ್‌ನಲ್ಲಿ ಕಚ್ಚಿಸಿ, ಇನ್ನೊಂದನ್ನು ಇಕ್ಕಳದಲ್ಲಿ ಹಿಡಿದು ನಿಧಾನವಾಗಿ ಎಳೆಯಿರಿ. ಒಂದು ಹಂತದಲ್ಲಿ ತಂತಿ ಸ್ವಲ್ಪ ಬಿಟ್ಟುಕೊಟ್ಟ ಹಾಗೆ ಕೈಗೆ ಗೊತ್ತಾಗುತ್ತದೆ. ಅಲ್ಲಿಗೆ ನಿಲ್ಲಿಸಿ. ಅಷ್ಟಕ್ಕೇ ಅದು ಬಾಣದ ಹಾಗೆ ನೆಟ್ಟಗಾಗಿರುತ್ತದೆ, ಸ್ವಲ್ಪ ಗಡುಸೂ ಆಗಿರುತ್ತದೆ. ಇಂತಹ ತುಂಡುಗಳನ್ನು ಒಟ್ಟಿಗೇ ಇಪ್ಪತ್ತು ಮಾಡಿಟ್ಟು, ಪ್ಲಾಸ್ಟಿಕ್ ಕೊಳವೆಯೊಳಗೆ ಇಡಿ.

ತೋಪಿನ ನಳಿಗೆ

ಮೈಸೂರಿನಲ್ಲಿ ಮೂರು ಟರೆಟ್, ಒಂಬತ್ತು ದೊಡ್ಡ ನಳಿಗೆ. ನೈಜೀರಿಯಾ ಆಗಿ ಕಟ್ಟಿದಾಗ ನಾಲ್ಕು ಟರೆಟ್ ಇತ್ತು. ಹಿಂಭಾಗದ ಎರಡರಲ್ಲಿ ಮೇಲಿನದನ್ನು, ಅಂದರೆ ಎಕ್ಸ್ ಟರೆಟ್ ಅನ್ನು, ಆಮೇಲೆ ತೆಗೆದರು. ಹಳೆಯ ಬ್ರಿಟಿಷ್ ನಕ್ಷೆ ನೋಡಿ ಮಾಡಲು ಹೊರಟರೆ ಇದು ನೆನಪಿರಲಿ.

6 ಇಂಚು ಅಂದರೆ 152 ಮಿ.ಮೀ. ಭಾಗಿಸಿದರೆ ನಳಿಗೆಯ ಬಾಯಿಯ ತೂತು 0.43 ಮಿ.ಮೀ. ಬರಬೇಕು. ಪ್ಲಾಸ್ಟಿಕ್ ಕಡ್ಡಿಯ ತುದಿಗೆ ಇಷ್ಟು ಸಣ್ಣ ತೂತನ್ನು ನಡುಮಧ್ಯದಲ್ಲಿ ಕೊರೆಯಲು ನಾನು ಎರಡು ಸಂಜೆ ಕಳೆದೆ. ಒಂಬತ್ತರಲ್ಲಿ ಎರಡು ಸರಿಯಾದವು. ಆಮೇಲೆ ಜ್ವರ ಬಂದು ಇಂಜೆಕ್ಷನ್ ತೆಗೆದುಕೊಂಡಾಗ ಹೊಳೆಯಿತು: ತೂತು ಇರುವ ನಳಿಗೆ ಎರಡು ರೂಪಾಯಿ, ಮೂರು ರೂಪಾಯಿಗೆ ಸಿಗುತ್ತದಲ್ಲ! 22 ಗೇಜ್ ಸೂಜಿಯ ಹೊರಗಿನ ಅಳತೆ 0.7 ಮಿ.ಮೀ., ಒಳಗೆ 0.4. ಇದರ ಪ್ಲಾಸ್ಟಿಕ್ ತಲೆ ಕಪ್ಪು ಬಣ್ಣದ್ದು, ಹಾಗಾಗಿ ಗುರುತಿಸುವುದು ಸುಲಭ. ಹೊಸ ಸೂಜಿಯನ್ನೇ ಕೊಳ್ಳಿ, ಬಳಸಿದ್ದನ್ನು ಮುಟ್ಟಬೇಡಿ.

1. ಕನ್ನಡಕ ಹಾಕಿಕೊಳ್ಳಿ. ಸೂಜಿಯ ಓರೆ ತುದಿಯನ್ನು ಮಿನಿ ಡ್ರಿಲ್ಲಿನ ಕಟಿಂಗ್ ಡಿಸ್ಕ್‌ನಿಂದ ಮೊದಲು ತೆಗೆದುಬಿಡಿ. ಇಕ್ಕಳದಲ್ಲಿ ಕತ್ತರಿಸಿದರೆ ತೂತು ಚಪ್ಪಟೆಯಾಗಿ ಮುಚ್ಚಿಹೋಗುತ್ತದೆ.

2. ಟರೆಟ್‌ನಿಂದ ಹೊರಗೆ ಕಾಣುವ ಉದ್ದವನ್ನು ಫೋಟೋದಿಂದ ಲೆಕ್ಕ ಹಾಕಿ, ಒಳಗೆ ಸೇರಿಸಲು ಇನ್ನೂ 3 ಮಿ.ಮೀ. ಬಿಟ್ಟು ಕತ್ತರಿಸಿ. ಇಡೀ ತೋಪಿನ ಉದ್ದ ಮಾದರಿಯಲ್ಲಿ ಸುಮಾರು 22 ಮಿ.ಮೀ. ಬರುತ್ತದೆ. ಆದರೆ ಅದರಲ್ಲಿ ಒಂದಷ್ಟು ಟರೆಟ್ ಒಳಗೇ ಇರುತ್ತದೆ.

3. ಕತ್ತರಿಸುವಾಗ ಒಳಗೆ 0.2 ಮಿ.ಮೀ. ತಾಮ್ರದ ಎಳೆ ತೂರಿಸಿಟ್ಟಿರಿ. ತುಂಡು ಎಲ್ಲೋ ಹಾರುವ ಬದಲು ಎಳೆಗೆ ತಗಲಿಕೊಂಡಿರುತ್ತದೆ.

4. ಬಾಯಿಯನ್ನು ನಯವಾದ ಸಾಣೆಕಲ್ಲಿನ ಮೇಲೆ ಉಜ್ಜಿ ಚಪ್ಪಟೆ ಮಾಡಿ. ತೂತಿನ ಅಂಚಿಗೆ ಅಂಟಿದ ಚೂರನ್ನು ಹೊಲಿಗೆ ಸೂಜಿಯಿಂದ ತಿರುಗಿಸಿ ತೆಗೆಯಿರಿ.

5. ನಿಜವಾದ ನಳಿಗೆ ಬುಡದಲ್ಲಿ ದಪ್ಪ, ಬಾಯಿಯ ಕಡೆ ಸಣ್ಣ. ಇದಕ್ಕೆ ಗುಲಾಬಿ ತಲೆಯ 18 ಗೇಜ್ ಸೂಜಿಯಿಂದ 4 ಮಿ.ಮೀ. ತುಂಡು ಮಾಡಿ ಬುಡಕ್ಕೆ ತೊಡಿಸಿ. 22 ಗೇಜ್ ಅದರೊಳಗೆ ಸಲೀಸಾಗಿ ಹೋಗುತ್ತದೆ. ಎರಡೂ ಸೇರುವ ಮೆಟ್ಟಿಲಿಗೆ ಫೆವಿಕ್ವಿಕ್ ಸುರಿದು ಒಣಗಿಸಿ, ನಳಿಗೆಯನ್ನು ಡ್ರಿಲ್‌ಗೆ ಹಾಕಿ ನಿಧಾನವಾಗಿ ತಿರುಗಿಸುತ್ತಾ 600, ಆಮೇಲೆ 1000 ನಂಬರಿನ ಎಮರಿ ಪೇಪರ್ ಹಿಡಿಯಿರಿ. ಮೆಟ್ಟಿಲು ಹೋಗಿ ಇಳಿಜಾರು ಬರುತ್ತದೆ.

ಈಗ ಬಹಳ ಜನ ತಪ್ಪುವ ಜಾಗ. ಈ ಟರೆಟ್‌ಗಳಲ್ಲಿ ಮೂರೂ ನಳಿಗೆ ಒಂದೇ ಸಾಲಿನಲ್ಲಿ ಇಲ್ಲ. ನಡುವಿನದು 30 ಇಂಚು ಹಿಂದಕ್ಕಿದೆ. ಒಟ್ಟಿಗೆ ಹಾರಿಸಿದಾಗ ಪಕ್ಕಪಕ್ಕದ ಗುಂಡುಗಳು ಗಾಳಿಯಲ್ಲಿ ಒಂದಕ್ಕೊಂದು ತೊಂದರೆ ಕೊಡಬಾರದು ಅಂತ ಈ ಏರ್ಪಾಡು. ನಮ್ಮ ಅಳತೆಯಲ್ಲಿ ಅದು 2.2 ಮಿ.ಮೀ., ಚೆನ್ನಾಗಿಯೇ ಕಾಣುತ್ತದೆ. ನಾನು ಮೊದಲ ಸಲ ಮೂರನ್ನೂ ಸ್ಕೇಲ್ ಇಟ್ಟು ಸಮ ಮಾಡಿ, ಬೆನ್ನು ತಟ್ಟಿಕೊಂಡು, ಮರುದಿನ ಎಲ್ಲ ಕಿತ್ತೆ. ಪ್ಲಾಸ್ಟಿಕ್ ಹಾಳೆಯಲ್ಲಿ 2.2 ಮಿ.ಮೀ. ಹಲ್ಲು ಇರುವ ಒಂದು ಅಚ್ಚು ಕತ್ತರಿಸಿಕೊಂಡು ನಳಿಗೆಗಳ ಬಾಯಿಗೆ ಅಡ್ಡ ಇಟ್ಟರೆ ಮೂರು ಟರೆಟ್ ಕೂಡ ಒಂದೇ ತರಹ ಬರುತ್ತವೆ.

4 ಇಂಚಿನ ಎಂಟು ತೋಪುಗಳಿಗೆ ಕಿತ್ತಳೆ ತಲೆಯ 25 ಗೇಜ್ ಸೂಜಿ. ವಿಮಾನಗಳ ಮೇಲೆ ಹಾರಿಸುವ 40 ಮಿ.ಮೀ. ಬೊಫೋರ್ಸ್ ತೋಪಿಗೆ ಸೂಜಿ ಬೇಡ, ತೂತು ಕಾಣುವುದೇ ಇಲ್ಲ. 0.2 ಮಿ.ಮೀ. ಎಳೆಯನ್ನು ಸುಮಾರು 6.4 ಮಿ.ಮೀ. ಉದ್ದ ಕತ್ತರಿಸಿ. ಅದರ ಬಾಯಿಯಲ್ಲಿ ಆಲಿಕೆಯಂತಹ ಒಂದು ಅಗಲ ತುದಿ ಇದೆಯಲ್ಲ, ಅದಕ್ಕೆ ಎಳೆಯ ತುದಿಯನ್ನು ಗಟ್ಟಿ ಬಣ್ಣದಲ್ಲಿ ಅದ್ದಿ ತಲೆಕೆಳಗಾಗಿ ನೇತುಹಾಕಿ. ಹನಿ ತಾನೇ ಆಕಾರ ತಾಳುತ್ತದೆ. ಎರಡು ಮೂರು ಸಲ ಅದ್ದಬೇಕಾಗಬಹುದು.

ಜಾಲರಿ ಕಂಬ

ನೈಜೀರಿಯಾಗೆ ಮೂರು ಕಾಲಿನ ಕಂಬಗಳಿದ್ದವು. ಭಾರತಕ್ಕಾಗಿ ಹಡಗನ್ನು ಹೊಸದು ಮಾಡುವಾಗ ಅವನ್ನು ತೆಗೆದು ಜಾಲರಿ ಕಂಬ ಹಾಕಿದರು. ದೂರದಿಂದ ಹಡಗಿನ ಗುರುತು ಹಿಡಿಯುವುದೇ ಇದರಿಂದ. ಹಾಗಾಗಿ ಇಲ್ಲಿ ಅವಸರ ಮಾಡಬೇಡಿ.

1. ಕಂಬದ ಒಂದು ಮುಖವನ್ನು ಸರಿಯಾದ ಅಳತೆಯಲ್ಲಿ ಕಾಗದದ ಮೇಲೆ ಬರೆದು, ಒಂದು ಹಳೆಯ ನೆಲದ ಟೈಲ್ ಮೇಲೆ ಅಂಟಿಸಿ. ಟೈಲ್‌ಗೆ ಬಿಸಿ ತಾಗಿದರೂ ಏನೂ ಆಗುವುದಿಲ್ಲ.

2. ಉದ್ದದ ಕಾಲುಗಳಿಗೆ 0.3 ಮಿ.ಮೀ. ಹಿತ್ತಾಳೆ ತಂತಿ. ತಾಮ್ರ ಇಲ್ಲಿ ಬೇಡ, ಕೈ ತಾಗಿದರೆ ಬಾಗುತ್ತದೆ. ಎರಡೂ ಕಾಲುಗಳನ್ನು ನಕ್ಷೆಯ ಮೇಲಿಟ್ಟು ತುದಿಗಳಿಗೆ ಟೇಪ್ ಹಾಕಿ.

3. ಅಡ್ಡಪಟ್ಟಿಗಳಿಗೆ 0.2 ಮಿ.ಮೀ. ಎಳೆ, ಓರೆಪಟ್ಟಿಗಳಿಗೆ 0.12. ಕಾಲುಗಳನ್ನು ದಾಟಿ ಹೊರಗೆ ಚಾಚುವಷ್ಟು ಉದ್ದವಾಗಿಯೇ ಇಡಿ. ಬೆಸೆದ ಮೇಲೆ ಕತ್ತರಿಸುವುದು ಸುಲಭ, ಮೊದಲೇ ಅಳತೆಗೆ ಕತ್ತರಿಸಿ ಕೂರಿಸುವುದು ನರಕ. ವೈಂಡಿಂಗ್ ತಂತಿಯಾದರೆ ಮೇಲಿನ ಎನಾಮಲ್ ಲೇಪವನ್ನು ಎಮರಿ ಪೇಪರ್‌ನಿಂದ ಕೆರೆಯಬೇಕು, ಇಲ್ಲದಿದ್ದರೆ ಸೀಸ ಹಿಡಿಯುವುದಿಲ್ಲ.

4. ಪ್ರತಿ ಕೂಡುವ ಜಾಗಕ್ಕೂ ಸೂಜಿಮೊನೆಯಷ್ಟು ಫ್ಲಕ್ಸ್ (ಬೆಸುಗೆ ಹಿಡಿಯಲು ನೆರವಾಗುವ ಲೇಪ) ಹಚ್ಚಿ. 25 ವ್ಯಾಟ್ ಸೋಲ್ಡರಿಂಗ್ ಐರನ್ನಿನ ತುದಿಗೆ ಸಾಸಿವೆಗಿಂತಲೂ ಚಿಕ್ಕ ಸೀಸದ ಹನಿ ತೆಗೆದುಕೊಂಡು ಒಂದು ಕ್ಷಣ ತಾಗಿಸಿ, ತೆಗೆಯಿರಿ. ಪಕ್ಕದ ಬೆಸುಗೆ ಬಿಟ್ಟುಕೊಳ್ಳದಿರಲು ಅದರ ಮೇಲೆ ಒದ್ದೆ ಹತ್ತಿಯ ಉಂಡೆ ಇಡಿ.

5. ಹೀಗೆ ಎರಡು ಮುಖ ಆದ ಮೇಲೆ ಅವನ್ನು ಎದುರುಬದುರು ನಿಲ್ಲಿಸಬೇಕು. ಬಾಲ್ಸಾ ಮರದ ತುಂಡನ್ನು ಕಂಬದ ಒಳ ಅಳತೆಗೆ ಕೆತ್ತಿ ನಡುವೆ ಇಟ್ಟುಕೊಂಡರೆ ನೆಟ್ಟಗೆ ನಿಲ್ಲುತ್ತವೆ. ಉಳಿದ ಎರಡು ಮುಖದ ಪಟ್ಟಿಗಳನ್ನು ಇಲ್ಲಿಯೇ ಹಾಕಿ, ಕೊನೆಗೆ ಮರವನ್ನು ಕೆಳಗಿನಿಂದ ಎಳೆದುಕೊಳ್ಳಿ.

ಬೆಸುಗೆ ಬರದವರು ಫೆವಿಕ್ವಿಕ್ ಬಳಸಬಹುದು. ನಿಲ್ಲುತ್ತದೆ, ಆದರೆ ಒಮ್ಮೆ ತಾಗಿದರೆ ಪಟಪಟ ಬಿಡುತ್ತದೆ. ಬೆಸೆದ ಕಂಬ ಬಾಗಿದರೂ ಮತ್ತೆ ನೆಟ್ಟಗೆ ಮಾಡಬಹುದು. ಒಂದು ವಾರ ಹಾಳು ತಂತಿಯ ಮೇಲೆ ಬೆಸುಗೆ ಕಲಿತರೆ ನಷ್ಟವೇನಿಲ್ಲ.

ರೇಲಿಂಗ್: ಎರಡು ಬೋಲ್ಟ್‌ಗಳ ಉಪಾಯ

ಇಡೀ ಬರಹದಲ್ಲಿ ನನಗೆ ಅತಿ ಇಷ್ಟದ ಭಾಗ ಇದು. ರೇಲಿಂಗ್ ಎತ್ತರ ಸುಮಾರು ಒಂದು ಮೀಟರ್, ಅಂದರೆ ಮಾದರಿಯಲ್ಲಿ 3 ಮಿ.ಮೀ. ಮೂರು ಅಡ್ಡ ಸರಳು, ನಡುವೆ 1 ಮಿ.ಮೀ. ಅಂತರ. ಇಷ್ಟು ಸಮವಾಗಿ ಮೂರು ಕೂದಲೆಳೆ ತಂತಿ ಇಡುವುದು ಹೇಗೆ?

ಎಂ6 ಬೋಲ್ಟ್‌ನ ಮರೆಗಳ (ತಿರುಪಿನ ಗೆರೆಗಳ) ನಡುವಿನ ಅಂತರ ಸರಿಯಾಗಿ 1 ಮಿ.ಮೀ. ಒಂದು ಮರದ ಹಲಗೆಯ ಎರಡು ತುದಿಗೆ ಒಂದೊಂದು ಎಂ6 ಬೋಲ್ಟ್ ಅಡ್ಡಡ್ಡ ಕೂರಿಸಿ. 44 ಗೇಜ್ ವೈಂಡಿಂಗ್ ತಂತಿಯನ್ನು ಒಂದು ಬೋಲ್ಟ್‌ನ ಮರೆಯಿಂದ ಇನ್ನೊಂದರ ಮರೆಗೆ, ಅಲ್ಲಿಂದ ಮತ್ತೆ ಇತ್ತ, ಬಿಗಿಯಾಗಿ ಸುತ್ತುತ್ತಾ ಹೋಗಿ. ವೀಣೆಯ ತಂತಿಯ ಹಾಗೆ ಸಾಲು ನಿಲ್ಲುತ್ತದೆ. ಮೂರು ಸಾಲಿಗೊಮ್ಮೆ ಒಂದನ್ನು ಖಾಲಿ ಬಿಟ್ಟರೆ ಒಂದೇ ಸುತ್ತಿನಲ್ಲಿ ನಾಲ್ಕೈದು ರೇಲಿಂಗ್ ಆಗುತ್ತವೆ. 1:700 ಮಾಡುವವರು ಎಂ3 ಬೋಲ್ಟ್ ಬಳಸಿ, ಅದರ ಅಂತರ 0.5 ಮಿ.ಮೀ. ದೇವರೇ ಹಡಗು ಕಟ್ಟುವವರಿಗಾಗಿ ಬೋಲ್ಟ್ ಮಾಡಿದ ಹಾಗಿದೆ, ಅಲ್ವಾ?

ತಂತಿಗಳ ಕೆಳಗೆ ಗ್ರಾಫ್ ಕಾಗದ ಜಾರಿಸಿ. ಅದರ ಗೆರೆ ನೋಡಿಕೊಂಡು 4 ಮಿ.ಮೀ.ಗೊಂದರಂತೆ 40 ಗೇಜ್ ತಂತಿಯ ಕಂಬಗಳನ್ನು ಅಡ್ಡ ಇಡಿ. ಕೂಡುವ ಜಾಗಗಳಿಗೆ ಸೂಜಿಯ ತುದಿಯಿಂದ ಫೆವಿಕ್ವಿಕ್ ಮುಟ್ಟಿಸಿ. ಹನಿ ಬೀಳಿಸಬಾರದು, ಮುಟ್ಟಿಸಬೇಕು. ಅಂಟು ಕಾಗದಕ್ಕೆ ಹಿಡಿಯದಿರಲು ನಡುವೆ ಬೇಕಿಂಗ್ ಪೇಪರ್ ಇರಲಿ. ಒಣಗಿದ ಮೇಲೆ ಬೋಲ್ಟ್ ಮೇಲೆ ಇರುವಾಗಲೇ ಬಣ್ಣ ಸಿಂಪಡಿಸಿ, ಆಮೇಲೆ ಕತ್ತರಿಸಿ. ಡೆಕ್ಕಿಗೆ ಅಂಟಿಸಲು ಫೆವಿಕಾಲ್ ಸಾಕು. ಅದು ನಿಧಾನ ಒಣಗುವುದರಿಂದ ಸರಿಪಡಿಸಲು ಸಮಯ ಸಿಗುತ್ತದೆ.

ಹಿತ್ತಾಳೆ ಕೊರೆಯುವುದು

ಇಳಿಜಾರು ಏಣಿ, ರೇಡಾರ್ ಬಲೆ, ಬಾಗಿಲು, ಇಂತಹ ಚಪ್ಪಟೆ ಭಾಗಗಳಿಗೆ ತಂತಿ ಸಾಲದು. ಮನೆಯಲ್ಲಿ ಸರ್ಕ್ಯೂಟ್ ಬೋರ್ಡ್ ಮಾಡಿದವರಿಗೆ ದಾರಿ ಗೊತ್ತೇ ಇರುತ್ತದೆ. ಶಿಮ್ ಶೀಟ್‌ಗೆ ಎರಡೂ ಕಡೆ ಡ್ರೈ ಫಿಲ್ಮ್ ಫೋಟೋರೆಸಿಸ್ಟ್ ಅಂಟಿಸಿ, ಪಾರದರ್ಶಕ ಹಾಳೆಯಲ್ಲಿ ಮುದ್ರಿಸಿದ ಚಿತ್ರವನ್ನು ಮೇಲಿಟ್ಟು ಯುವಿ ದೀಪ ಹಿಡಿಯುವುದು. ಬೆಳಕು ಬಿದ್ದ ಕಡೆ ಫಿಲ್ಮ್ ಗಟ್ಟಿಯಾಗುತ್ತದೆ, ಹಾಗಾಗಿ ಉಳಿಯಬೇಕಾದ ಭಾಗ ಚಿತ್ರದಲ್ಲಿ ಖಾಲಿ, ಹೋಗಬೇಕಾದದ್ದು ಕಪ್ಪು. ಬಟ್ಟೆ ಸೋಡಾ ಲೀಟರ್ ನೀರಿಗೆ 10 ಗ್ರಾಂ ಹಾಕಿ ತೊಳೆದು, ಲೋಹವನ್ನು ತಿನ್ನುವ ಫೆರಿಕ್ ಕ್ಲೋರೈಡ್‌ನಲ್ಲಿ ಮುಳುಗಿಸಿ.

ಒಂದು ಮಿತಿ ಇದೆ. ಈ ದ್ರಾವಣ ಕೆಳಕ್ಕಷ್ಟೇ ಅಲ್ಲ, ಪಕ್ಕಕ್ಕೂ ತಿನ್ನುತ್ತದೆ. 0.1 ಮಿ.ಮೀ. ಹಾಳೆಯಲ್ಲಿ 0.15ಕ್ಕಿಂತ ಸಣ್ಣ ಗೆರೆ ಮನೆಯಲ್ಲಿ ನಿಲ್ಲುವುದು ಕಷ್ಟ. ರೇಲಿಂಗನ್ನು ನಾನು ಇದರಲ್ಲಿ ಮಾಡದೆ ಬೋಲ್ಟ್‌ಗೆ ಹೋಗಿದ್ದು ಇದಕ್ಕೇ. ಕೈಗವಸು, ಕನ್ನಡಕ, ತೆರೆದ ಕಿಟಕಿ ಕಡ್ಡಾಯ. ಬಳಸಿದ ದ್ರಾವಣದಲ್ಲಿ ತಾಮ್ರ ಇರುತ್ತದೆ, ಅದನ್ನು ಸಿಂಕಿಗೆ ಚೆಲ್ಲಬೇಡಿ. ಬಟ್ಟೆ ಸೋಡಾ ಸ್ವಲ್ಪ ಸ್ವಲ್ಪವೇ ಹಾಕಿ ನೊರೆ ನಿಂತ ಮೇಲೆ, ಸಿಮೆಂಟ್ ಕಲಸಿ ಗಟ್ಟಿ ಮಾಡಿ, ಅಪಾಯಕಾರಿ ಕಸದ ಜೊತೆ ಕೊಡಿ.

ತ್ರೀಡಿ ಪ್ರಿಂಟ್ ಎಲ್ಲಿ, ಎಲ್ಲಿ ಬೇಡ

ರೆಸಿನ್ ಪ್ರಿಂಟರ್ ಇದ್ದರೆ ಎಲ್ಲವನ್ನೂ ಅದರಲ್ಲೇ ತೆಗೆಯಬೇಕು ಅನ್ನಿಸುತ್ತದೆ. ದೋಣಿ, ಬೊಫೋರ್ಸ್‌ನ ಬುಡ, ಹಗ್ಗದ ರಾಟೆ, ಹೀಗೆ ಗುಂಡುಗುಂಡಾಗಿ ಇರುವ, ಒಂದೇ ತರಹ ಹತ್ತಾರು ಬೇಕಾದ ವಸ್ತುಗಳಿಗೆ ಅದನ್ನು ಮೀರಿದ್ದಿಲ್ಲ. ಗೋಡೆ 0.2 ಮಿ.ಮೀ.ಗಿಂತ ತೆಳ್ಳಗೆ ಇಡಬೇಡಿ, ಭಾಗವನ್ನು ಓರೆಯಾಗಿ ಇಟ್ಟು ಮುದ್ರಿಸಿ, ಆಧಾರದ ಕಡ್ಡಿಗಳು ಕಾಣದ ಕಡೆ ಬರಲಿ. ಉದ್ದದ ಸಪೂರ ಭಾಗಗಳಿಗೆ ಮಾತ್ರ ಬೇಡ. ನಾನು ಒಮ್ಮೆ ಹೊರಗೆ ದುಡ್ಡು ಕೊಟ್ಟು ರೇಲಿಂಗ್ ಮುದ್ರಿಸಿ ತರಿಸಿದೆ. ಪೆಟ್ಟಿಗೆ ತೆರೆದಾಗ ಇದ್ದದ್ದು ಶಾವಿಗೆ ಚೂರು.

ಕಿಟಕಿ, ಹಗ್ಗ

ಗುಂಡು ಕಿಟಕಿಗೆ 0.8 ಅಥವಾ 0.9 ಮಿ.ಮೀ. ಬಿಟ್. ಕೊರೆಯುವ ಮೊದಲು ಸೂಜಿಯಲ್ಲಿ ಒಂದು ಕುಳಿ ಮಾಡಿ, ಇಲ್ಲದಿದ್ದರೆ ಬಿಟ್ ಜಾರುತ್ತದೆ. ಸಾಲು ನೆಟ್ಟಗಿರಲು ಟೇಪಿನ ಅಂಚು ಇಟ್ಟುಕೊಳ್ಳಿ. ಗಾಜಿಗೆ ಒಂದು ಹನಿ ಫೆವಿಕಾಲ್, ಒಣಗಿದಾಗ ತಿಳಿಯಾಗುತ್ತದೆ.

ಹಗ್ಗ ಮತ್ತು ಆಂಟೆನಾ ತಂತಿಗೆ ಹಿಂದಿನವರ ದಾರಿಯೇ ಚೆಂದ. ಕಿಟ್‌ನಲ್ಲಿ ಭಾಗಗಳನ್ನು ಹಿಡಿದಿಟ್ಟಿರುವ ಪ್ಲಾಸ್ಟಿಕ್ ಕಡ್ಡಿಯನ್ನು ಮೇಣದಬತ್ತಿಯ ಜ್ವಾಲೆಗೆ ಎರಡು ಬೆರಳು ಮೇಲೆ ಹಿಡಿದು ತಿರುಗಿಸಿ. ಮೆತ್ತಗಾಗಿ ಜೋತುಬಿದ್ದ ತಕ್ಷಣ ಬೆಂಕಿಯಿಂದ ಈಚೆ ತಂದು ಎಳೆಯಿರಿ. ಬೇಗ ಎಳೆದಷ್ಟೂ ಸಣ್ಣ. ಅದನ್ನು ಕಂಬಗಳ ನಡುವೆ ಅಂಟಿಸಿ, ಸಡಿಲ ಇದ್ದರೆ ಹೊತ್ತಿಸಿದ ಊದುಬತ್ತಿಯನ್ನು ಹತ್ತಿರ ತನ್ನಿ, ಮುಟ್ಟಿಸಬೇಡಿ. ಎಳೆ ತಾನಾಗಿ ಬಿಗಿಯುತ್ತದೆ. ಕೂದಲು ಬಳಸಬಹುದೇ ಅಂತ ಕೇಳುವವರಿದ್ದಾರೆ. ದಪ್ಪ ಸರಿಯೇ ಇದೆ. ಆದರೆ ಗಾಳಿಯಲ್ಲಿ ತೇವ ಹೆಚ್ಚಾದರೆ ಕೂದಲು ಉದ್ದವಾಗುತ್ತದೆ. ಮಳೆಗಾಲದಲ್ಲಿ ನಿಮ್ಮ ಹಡಗಿನ ಹಗ್ಗವೆಲ್ಲ ಜೋಲುತ್ತದೆ.

ಬಣ್ಣ, ಕೊನೆಗೆ ಬಾವುಟ

ಇಷ್ಟು ತೆಳ್ಳಗೆ ಮಾಡಿದ್ದನ್ನು ಬ್ರಷ್‌ನಿಂದ ದಪ್ಪ ಬಣ್ಣ ಬಳಿದು ಹಾಳು ಮಾಡಬೇಡಿ. ಏರ್‌ಬ್ರಷ್‌ನಲ್ಲಿ ತೆಳುವಾಗಿ ಎರಡು ಸಲ ಸಿಂಪಡಿಸಿದರೆ ಸಾಕು. ಲೋಹಕ್ಕೆ ಮೊದಲು ಪ್ರೈಮರ್ ಬೇಕು, ಪ್ಲಾಸ್ಟಿಕ್‌ಗೆ ಇಲ್ಲದಿದ್ದರೂ ನಡೆಯುತ್ತದೆ. ಜೋಡಿಸುವ ಕ್ರಮ ಹಡಗಿನ ನಡುವಿನಿಂದ ಹೊರಕ್ಕೆ. ಮೊದಲು ಕಂಬ, ಆಮೇಲೆ ಟರೆಟ್, ಆಮೇಲೆ ಹಗ್ಗ, ರೇಲಿಂಗ್ ಎಲ್ಲದಕ್ಕಿಂತ ಕೊನೆಗೆ. ಮೊದಲೇ ರೇಲಿಂಗ್ ಹಾಕಿದರೆ ನಿಮ್ಮ ಮೊಣಕೈಯೇ ಅದರ ಶತ್ರು.

ಬಾವುಟದಲ್ಲಿ ತಪ್ಪಬೇಡಿ. 2022ರಲ್ಲಿ ಬಂದ ನೀಲಿ ಎಂಟು ಮೂಲೆಯ ಗುರುತಿನ ಧ್ವಜ ಈ ಹಡಗಿನದಲ್ಲ. ಮೈಸೂರು ಹಾರಿಸಿದ್ದು ಬಿಳಿಯ ಮೇಲೆ ಕೆಂಪು ಶಿಲುಬೆ, ಮೂಲೆಯಲ್ಲಿ ತ್ರಿವರ್ಣ ಇದ್ದ ಹಳೆಯ ಧ್ವಜ. ಸಿಗರೇಟ್ ಸುತ್ತುವ ತೆಳು ಕಾಗದದ ಒಂದೇ ಕಡೆ ಎರಡು ಧ್ವಜ ಮುದ್ರಿಸಿ, ಬೆನ್ನಿಗೆ ಬೆನ್ನು ಬರುವಂತೆ ಮಡಚಿ, ನಡುವೆ 44 ಗೇಜ್ ತಂತಿ ಇಟ್ಟು ನೀರು ಬೆರೆಸಿದ ಫೆವಿಕಾಲ್‌ನಿಂದ ಅಂಟಿಸಿ. ಪೂರ್ತಿ ಒಣಗುವ ಮೊದಲೇ ಹೊಲಿಗೆ ಸೂಜಿಯ ಮೇಲೆ ಓರೆಯಾಗಿ ಎರಡು ಮಡಿಕೆ ಕೊಡಿ. ಗಾಳಿ ಮುಂಭಾಗದಿಂದ ಬರುತ್ತಿದ್ದರೆ ಬಾವುಟ ಹಿಂದಕ್ಕೇ ಹಾರಬೇಕು. ಹಡಗು ಲಂಗರು ಹಾಕಿ ನಿಂತಂತೆ ತೋರಿಸುವುದಾದರೆ ಜೋತುಬಿಡಿ.